ಬಾಯಿಮಾತಿನ ಆಜ್ಞೆ, ಬರಹದ ಹೊಣೆ

(ಸಂಘದ ವಾರ್ಷಿಕ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಾರ್ವಜನಿಕ ಹಣದ ಹಗರಣವೊಂದು ಬಯಲಿಗೆ ಬಂದಾಗ ಸರ್ಕಾರ ಏನು ಮಾಡುತ್ತದೆ, ಏನು ಮಾಡಬೇಕು ಎಂಬುದನ್ನು ಕುರಿತು ಮಾತನಾಡಬೇಕೆಂದು ಕಾರ್ಯಕಾರಿ ಸಮಿತಿಯವರು ನನ್ನನ್ನು ಕೇಳಿಕೊಂಡರು. ಇತ್ತೀಚಿನ ಹಗರಣವೊಂದನ್ನೇ ಹಿಡಿದು ಮಾತನಾಡುವುದು ಸುಲಭವಾಗಿತ್ತು. ಆದರೆ ಹಾಗೆ ಮಾಡಿದೊಡನೆ ನಮ್ಮಲ್ಲಿ ಅರ್ಧ ಮಂದಿ ಒಂದು ಪಕ್ಷದ ವಕೀಲರಾಗಿಯೂ ಉಳಿದರ್ಧ ಮಂದಿ ಇನ್ನೊಂದು ಪಕ್ಷದ ವಕೀಲರಾಗಿಯೂ ಮಾರ್ಪಟ್ಟು, ವಿಷಯ ಮಾತ್ರ ಇದ್ದಲ್ಲೇ ಇರುತ್ತದೆ. ಆದುದರಿಂದ ಅರುವತ್ತೈದು ವರ್ಷಗಳಿಗೂ ಹಿಂದಿನ ಪ್ರಕರಣವೊಂದನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅದರಲ್ಲಿ ಪಾತ್ರ ವಹಿಸಿದ ಪ್ರಮುಖರು ಯಾರೂ ಈಗಿಲ್ಲ. ಯಾರನ್ನೂ ಸಮರ್ಥಿಸಬೇಕಾದ ಅಥವಾ ಬೀಳಿಸಬೇಕಾದ ತುರ್ತು ನಮಗಿಲ್ಲ. ಇಂಥ ದೂರದಿಂದ ನೋಡಿದಾಗ ಕೆಲವು ಸಂಗತಿಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.

ಆ ಪ್ರಕರಣ ಮುಂಧ್ರಾ ಹಗರಣ. ಅದರ ವಿಚಾರಣೆ ನಡೆದದ್ದು ನಾವು ಬದುಕು ಕಟ್ಟಿಕೊಂಡಿರುವ ಈ ಮುಂಬಯಿ ನಗರದಲ್ಲಿಯೇ. ಅದರಲ್ಲಿ ಕೈಬಿಟ್ಟು ಹೋದ ಹಣವೂ ನಮ್ಮಂಥವರದೇ, ಅಂದರೆ ಸಂಬಳದಲ್ಲಿ ನಾಲ್ಕು ಕಾಸು ಉಳಿಸಿ ವಿಮೆಯ ಕಂತು ಕಟ್ಟಿದವರದು. ಲೆಕ್ಕಪರಿಶೋಧನೆಯ ಕೆಲಸದಲ್ಲಿ ಮೂರು ದಶಕಕ್ಕೂ ಮಿಕ್ಕಿ ಕಳೆದವನಾದ್ದರಿಂದ ಈ ಪ್ರಕರಣವನ್ನು ನಾನು ರಾಜಕಾರಣಿಯ ಕಣ್ಣಿನಿಂದ ನೋಡದೆ, ಜಮಾ-ಖರ್ಚಿನ ಪುಸ್ತಕವನ್ನು ತಿರುವಿಹಾಕುವ ಗುಮಾಸ್ತನ ಕಣ್ಣಿನಿಂದಲೇ ನೋಡುತ್ತೇನೆ. ಇದನ್ನು ನೀವು ಮನ್ನಿಸಬೇಕು.

ಮೊದಲಿಗೆ, ಹೋಲಿಕೆಗೆಂದು, ಅದಕ್ಕಿಂತ ಹಿಂದಿನ ಇನ್ನೊಂದು ಪ್ರಸಂಗವನ್ನು ಹೇಳಬೇಕು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕಾಶ್ಮೀರದ ಕದನದ ದಿನಗಳಲ್ಲಿ, ಸೈನ್ಯಕ್ಕೆ ಜೀಪುಗಳು ಬೇಕಾಗಿದ್ದವು. ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣಮೆನನ್ ಅವರು ಇದಕ್ಕಾಗಿ ವಿದೇಶೀ ಸಂಸ್ಥೆಯೊಂದರೊಡನೆ ಸುಮಾರು 80 ಲಕ್ಷ ರೂಪಾಯಿಗಳ ಒಪ್ಪಂದ ಮಾಡಿಕೊಂಡರು. ಖರೀದಿಯ ಕ್ರಮವನ್ನು ಪಾಲಿಸಲಿಲ್ಲವೆಂಬುದು ಅವರ ಮೇಲಿನ ಆಕ್ಷೇಪ. ಹಣದ ಬಹುಪಾಲು ಮುಂಗಡವಾಗಿ ಸಂದಾಯವಾಯಿತು. ಬಂದಿಳಿದ ಜೀಪುಗಳು 155. ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯ ಸಮಿತಿ ವಿಚಾರಣೆ ಆಗಬೇಕೆಂದು ಸೂಚಿಸಿತು. ವರ್ಷಗಳು ಉರುಳಿದವು. ಕೊನೆಗೆ 1955ರ ಸೆಪ್ಟೆಂಬರ್ 30ರಂದು ಗೃಹಮಂತ್ರಿ ಗೋವಿಂದ ವಲ್ಲಭ ಪಂತರು, ಸರ್ಕಾರದ ಮಟ್ಟಿಗೆ ಇದು ಮುಗಿದ ಅಧ್ಯಾಯವೆಂದೂ, ವಿರೋಧ ಪಕ್ಷಗಳಿಗೆ ತೃಪ್ತಿಯಿಲ್ಲದಿದ್ದರೆ ಇದನ್ನು ಚುನಾವಣೆಯ ವಿಷಯವನ್ನಾಗಿ ಮಾಡಿಕೊಳ್ಳಬಹುದೆಂದೂ ಸಾರಿಬಿಟ್ಟರು. 1956ರ ಫೆಬ್ರುವರಿಯಲ್ಲಿ ಮೆನನ್ ಅವರು ಕೇಂದ್ರ ಮಂತ್ರಿಮಂಡಲವನ್ನು ಸೇರಿದರು.

ಮೆನನ್ ಅವರು ವೈಯಕ್ತಿಕವಾಗಿ ಅಪ್ರಾಮಾಣಿಕರಾಗಿದ್ದರೆಂದು ನಾನು ಹೇಳುತ್ತಿಲ್ಲ. ಅದು ಸಿದ್ಧವಾದ ಮಾತೂ ಅಲ್ಲ. ನಾನು ಗಮನಕ್ಕೆ ತರುವುದು ಸರ್ಕಾರದ ಉತ್ತರವನ್ನು. 'ಚುನಾವಣೆಯಲ್ಲಿ ನೋಡಿಕೊಳ್ಳಿ' ಎಂಬುದು ಪ್ರಜಾಪ್ರಭುತ್ವದ ಮಾತಿನಂತೆ ಕೇಳಿಸುತ್ತದೆ. ಆದರೆ ಚುನಾವಣೆಯಲ್ಲಿ ಮತದಾರನು ಸರ್ಕಾರವನ್ನು ಒಟ್ಟಾರೆಯಾಗಿ ಒಪ್ಪಬಹುದು, ಇಲ್ಲವೆ ತಿರಸ್ಕರಿಸಬಹುದು. ಇಂಥ ದಿನ ಇಂಥ ಹಣ ಯಾರ ಸಹಿಯ ಮೇಲೆ ಯಾರಿಗೆ ಹೋಯಿತು ಎಂಬುದನ್ನು ಮತಪೆಟ್ಟಿಗೆ ಹೇಳಲಾರದು. ಲೆಕ್ಕದ ಪ್ರಶ್ನೆಗೆ ಲೆಕ್ಕದ ಉತ್ತರವೇ ಬೇಕು.

ಇನ್ನು ಮುಂಧ್ರಾ ಪ್ರಕರಣಕ್ಕೆ ಬರೋಣ. 1956ರ ಜನವರಿಯಲ್ಲಿ ಸರ್ಕಾರವು ಜೀವವಿಮೆಯನ್ನು ರಾಷ್ಟ್ರೀಕರಿಸಿತು. ಇನ್ನೂರ ನಲವತ್ತಕ್ಕೂ ಹೆಚ್ಚು ವಿಮಾ ಸಂಸ್ಥೆಗಳ ವ್ಯವಹಾರವನ್ನು ಒಟ್ಟುಗೂಡಿಸಿ ಅದೇ ವರ್ಷದ ಸೆಪ್ಟೆಂಬರ್ 1ರಂದು ಭಾರತೀಯ ಜೀವವಿಮಾ ನಿಗಮವು ಅಸ್ತಿತ್ವಕ್ಕೆ ಬಂದಿತು. ಸರ್ಕಾರ ತೊಡಗಿಸಿದ ಮೂಲ ಬಂಡವಾಳ 5 ಕೋಟಿ ರೂಪಾಯಿ. ಖಾಸಗಿ ವಿಮಾ ಕಂಪನಿಗಳಲ್ಲಿ ಕೆಲವು ಪಾಲಿಸಿದಾರರ ಹಣವನ್ನು ಮಾಲೀಕರ ಇತರ ಉದ್ಯಮಗಳಿಗೆ ಸುರಿದು ಮುಳುಗಿಸಿದ್ದವು. ಅದನ್ನು ತಡೆಯುವುದೇ ರಾಷ್ಟ್ರೀಕರಣಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲೊಂದು. ನಿಗಮದ ಕಾಯಿದೆಯ 21ನೆಯ ಕಲಮು ಹೇಳುವುದಿಷ್ಟು: ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ ನೀತಿಯ ವಿಷಯಗಳಲ್ಲಿ ಸರ್ಕಾರ ನಿಗಮಕ್ಕೆ ನಿರ್ದೇಶನ ಕೊಡಬಹುದು, ಆದರೆ ಅದನ್ನು ಬರಹದಲ್ಲಿ ಕೊಡಬೇಕು. ಈ 'ಬರಹದಲ್ಲಿ' ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ನನ್ನ ಇಂದಿನ ಉಪನ್ಯಾಸವೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ.

ಅಂದಿನ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಚುರುಕಾದವರು, ದಕ್ಷರೆಂದು ಹೆಸರಾದವರು. ಸ್ವಾಯತ್ತ ಸಂಸ್ಥೆಗಳ ವಿಷಯದಲ್ಲಿ ಅವರ ಧೋರಣೆ ಎಂತಹದೆಂಬುದಕ್ಕೆ 1957ರ ಆರಂಭದಲ್ಲಿ ಒಂದು ಮುನ್ಸೂಚನೆ ಸಿಕ್ಕಿತ್ತು. ಅದರಲ್ಲಿ ನಮ್ಮ ನಾಡಿನವರೊಬ್ಬರ ಹೆಸರೂ ಇದೆ. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಮಂಗಳೂರಿನ ಬೆನೆಗಲ್ ಮನೆತನದ ರಾಮರಾವ್ ಅವರು, ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗರಾಯರ ಸಹೋದರರು. 1949ರಿಂದ ಆ ಹುದ್ದೆಯಲ್ಲಿದ್ದ ಅವರಿಗೂ ಹಣಕಾಸು ಮಂತ್ರಿಗೂ ಭಿನ್ನಾಭಿಪ್ರಾಯ ತಲೆದೋರಿತು. ರಿಸರ್ವ್ ಬ್ಯಾಂಕು ತಮ್ಮ ಇಲಾಖೆಯ ಒಂದು ವಿಭಾಗವೆಂಬಂತೆ ಮಂತ್ರಿಗಳು ಮಾತನಾಡಿದರು. ಪ್ರಧಾನಿ ನೆಹರೂ ಅವರು ಮಂತ್ರಿಗಳ ಪಕ್ಷವನ್ನೇ ವಹಿಸಿದರು. 1957ರ ಜನವರಿಯಲ್ಲಿ ರಾಮರಾಯರು ರಾಜೀನಾಮೆ ಕೊಟ್ಟು ಹೊರನಡೆದರು. ಅಲ್ಲಿಂದ ಆರು ತಿಂಗಳು ಕಳೆಯುವುದರೊಳಗೆ ಮುಂಧ್ರಾ ವ್ಯವಹಾರ ನಡೆಯಿತು. ಒಂದಕ್ಕೆ ಇನ್ನೊಂದು ನೇರ ಕಾರಣವೆಂದು ಹೇಳಲಾಗದು. ಆದರೆ ಸ್ವಾಯತ್ತ ಸಂಸ್ಥೆಯ ಮುಖ್ಯಸ್ಥನಿಗೆ ಮಂತ್ರಾಲಯದ ಮಾತನ್ನು ಮೀರುವ ಧೈರ್ಯ ಎಷ್ಟಿರಬಲ್ಲುದು ಎಂಬುದನ್ನು ಆ ಜನವರಿಯಲ್ಲಿ ಎಲ್ಲ ಅಧಿಕಾರಿಗಳೂ ಕಂಡುಕೊಂಡಿದ್ದರು.

ಹರಿದಾಸ್ ಮುಂಧ್ರಾ ಎಂಬವರು ಕಲ್ಕತ್ತೆಯ ಷೇರು ವ್ಯಾಪಾರಿ. ಸಾಲದ ಮೇಲೆ ಸಾಲ ಮಾಡಿ ಹಳೆಯ ಬ್ರಿಟಿಷ್ ಕಂಪನಿಗಳನ್ನು ಕೊಂಡುಕೊಂಡಿದ್ದರು. 1957ರ ಹೊತ್ತಿಗೆ ಕೈ ಬಿಗಿಯಾಯಿತು. ಆ ವರ್ಷದ ಜೂನ್ ಕೊನೆಯ ವಾರದಲ್ಲಿ, ಕೆಲವೇ ದಿನಗಳ ಮಾತುಕತೆಯಲ್ಲಿ, ಜೀವವಿಮಾ ನಿಗಮವು ಅವರ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಸರ್ಕಾರ ನಿಗಮಕ್ಕೆ ಕೊಟ್ಟ ಮೂಲ ಬಂಡವಾಳದ ನಾಲ್ಕನೆಯ ಒಂದು ಭಾಗಕ್ಕೆ ಇದು ಸಮ ಎಂಬುದನ್ನು ನೋಡಿದರೆ ಮೊತ್ತದ ಗಾತ್ರ ತಿಳಿಯುತ್ತದೆ. ಕೊಟ್ಟ ಬೆಲೆ ಪೇಟೆಯ ಬೆಲೆಗಿಂತ ಹೆಚ್ಚಿನದು. ಹಣ ತೊಡಗಿಸುವ ಬಗ್ಗೆ ಸಲಹೆ ಕೊಡಲೆಂದೇ ನಿಗಮದಲ್ಲಿ ಒಂದು ಸಮಿತಿ ಇತ್ತು. ಅದನ್ನು ಮುಂಚಿತವಾಗಿ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ ತಿಳಿಸಲಾಯಿತು. ಹಣಕಾಸು ಇಲಾಖೆಯ ಪ್ರಧಾನ ಕಾರ್ಯದರ್ಶಿ ಎಚ್. ಎಂ. ಪಟೇಲ್, ನಿಗಮದ ಅಧ್ಯಕ್ಷ ಜಿ. ಆರ್. ಕಾಮತ್, ವ್ಯವಸ್ಥಾಪಕ ನಿರ್ದೇಶಕ ಎಲ್. ಎಸ್. ವೈದ್ಯನಾಥನ್ ಇವರ ನಡುವೆ ಮಾತು ಓಡಾಡಿತು. ಆದರೆ 21ನೆಯ ಕಲಮು ಕೇಳುವ ಲಿಖಿತ ನಿರ್ದೇಶನ ಎಲ್ಲಿಯೂ ಇರಲಿಲ್ಲ.

ವಿಷಯವನ್ನು ಲೋಕಸಭೆಗೆ ತಂದವರು ಯಾರು? ವಿರೋಧ ಪಕ್ಷದವರಲ್ಲ. ಆಳುವ ಕಾಂಗ್ರೆಸ್ ಪಕ್ಷದ ಸದಸ್ಯರೂ ಪ್ರಧಾನಿಯ ಅಳಿಯಂದಿರೂ ಆದ ಫಿರೋಜ್ ಗಾಂಧಿ. ಮೊದಮೊದಲು ಕೇಳಿದ ಪ್ರಶ್ನೆಗಳಿಗೆ ಸರ್ಕಾರದಿಂದ ಬಂದದ್ದು ಜಾರಿಕೆಯ ಉತ್ತರಗಳು. 1957ರ ಡಿಸೆಂಬರ್ 16ರಂದು ಅವರು ತಾರೀಖು, ಬೆಲೆ, ಮೊತ್ತಗಳ ಸಹಿತ ಇಡೀ ವ್ಯವಹಾರವನ್ನು ಸದನದ ಮುಂದೆ ಬಿಚ್ಚಿಟ್ಟರು. ದೇಶದ ಪತ್ರಿಕೆಗಳು ಅದನ್ನು ನಿರ್ಭಯವಾಗಿ ಅಚ್ಚು ಹಾಕಿದವು. ಹಾಗೆ ಅಚ್ಚು ಹಾಕಲು ಸಾಧ್ಯವಾದದ್ದಕ್ಕೂ ಅದೇ ಫಿರೋಜ್ ಗಾಂಧಿಯವರಿಗೆ ಕೃತಜ್ಞರಾಗಿರಬೇಕು. ಸಂಸತ್ತಿನ ಕಲಾಪವನ್ನು ನಿಜವಾಗಿ, ದುರುದ್ದೇಶವಿಲ್ಲದೆ ವರದಿ ಮಾಡುವ ಪತ್ರಿಕೆಗಳಿಗೆ ರಕ್ಷಣೆ ಕೊಡುವ ಕಾಯಿದೆ 1956ರಲ್ಲಿ ಅವರು ತಂದ ಖಾಸಗಿ ಮಸೂದೆಯ ಫಲ. ಅದನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ ಡಿಸೆಂಬರ್‌ನಲ್ಲಿ, ರದ್ದುಮಾಡಲಾಯಿತು; 1977ರಲ್ಲಿ ಮತ್ತೆ ಜಾರಿಗೆ ತರಲಾಯಿತು. ಹಗರಣವನ್ನು ಅಡಗಿಸಬಯಸುವ ಅಧಿಕಾರ ಮೊದಲು ಕೈಹಾಕುವುದು ಇಂಥ ಕಾಯಿದೆಗಳಿಗೇ.

ಈಗ ಸರ್ಕಾರದ ಪ್ರತಿಕ್ರಿಯೆ. 1958ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗಲಾ ಅವರ ಏಕಸದಸ್ಯ ಆಯೋಗವನ್ನು ಸರ್ಕಾರ ನೇಮಿಸಿತು. ಛಾಗಲಾ ಅವರು ವಿಚಾರಣೆಯನ್ನು ಸಾರ್ವಜನಿಕವಾಗಿ ನಡೆಸಿದರು. ಒಳಗೆ ಸ್ಥಳ ಸಿಗದವರಿಗಾಗಿ ಹೊರಗೆ ಧ್ವನಿವರ್ಧಕಗಳನ್ನು ಕಟ್ಟಿಸಿದರು. ದೇಶದ ಹಣಕಾಸು ಮಂತ್ರಿ, ಅವರ ಕಾರ್ಯದರ್ಶಿ, ರಿಸರ್ವ್ ಬ್ಯಾಂಕಿನ ಗವರ್ನರ್, ಷೇರುಪೇಟೆಯ ದಿಗ್ಗಜರು ಒಬ್ಬೊಬ್ಬರಾಗಿ ಬಂದು ಹೇಳಿಕೆ ಕೊಟ್ಟದ್ದನ್ನು ಬೀದಿಯಲ್ಲಿ ನಿಂತ ಮುಂಬಯಿಯ ಜನ ಕೇಳಿಸಿಕೊಂಡರು. ಅಟಾರ್ನಿ ಜನರಲ್ ಸೆಟಲ್ವಾಡರು ಆಯೋಗಕ್ಕೆ ನೆರವಾದರು. ಫೆಬ್ರುವರಿ 10ರಂದು ವರದಿ ಸಿದ್ಧವಾಯಿತು. ಆಯೋಗವೊಂದು ನೇಮಕಗೊಂಡು, ಸಾಕ್ಷ್ಯ ಕೇಳಿ, ವರದಿ ಕೊಡುವುದಕ್ಕೆ ಒಂದು ತಿಂಗಳು ಸಾಕಾಯಿತು. ಇಂದು ಆಯೋಗಗಳು ಅವಧಿ ವಿಸ್ತರಣೆಯ ಮೊದಲ ಪತ್ರ ಬರೆಯುವುದಕ್ಕೇ ಇದಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳುತ್ತವೆ.

ವಿಚಾರಣೆಯಲ್ಲಿ ತಿರುಳಾದ ಪ್ರಶ್ನೆ ಒಂದೇ: ಹಣ ಕೊಡು ಎಂದವರು ಯಾರು? ಮಂತ್ರಿಗಳಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದೇ ಮುಂದುವರಿದೆ ಎಂದು ಕಾರ್ಯದರ್ಶಿ ಹೇಳಿದರು. ತಾನು ಒಪ್ಪಿಗೆ ಕೊಟ್ಟಿರಲಿಲ್ಲವೆಂದು ಮಂತ್ರಿ ಹೇಳಿದರು. ಮಂತ್ರಾಲಯದ ಮಾತಿನಂತೆ ನಡೆದುಕೊಂಡೆವು ಎಂಬುದು ನಿಗಮದವರ ವಾದ. ಕಲ್ಕತ್ತೆಯ ಷೇರುಪೇಟೆ ಕುಸಿಯದಂತೆ ಹಿಡಿದು ನಿಲ್ಲಿಸಲು ಹೀಗೆ ಮಾಡಬೇಕಾಯಿತೆಂಬ ಸಮರ್ಥನೆಯೂ ಬಂದಿತು; ಆಯೋಗ ಅದನ್ನು ನಂಬಲಿಲ್ಲ. ಕಾಗದವೊಂದಿದ್ದಿದ್ದರೆ ಐದು ನಿಮಿಷದಲ್ಲಿ ಬಗೆಹರಿಯುತ್ತಿದ್ದ ಪ್ರಶ್ನೆಗಾಗಿ ದೇಶದ ಅತ್ಯಂತ ಹಿರಿಯ ಅಧಿಕಾರಿಗಳು ಒಬ್ಬರ ಮಾತನ್ನೊಬ್ಬರು ಅಲ್ಲಗಳೆಯುತ್ತ ಕಟಕಟೆಯಲ್ಲಿ ನಿಲ್ಲಬೇಕಾಯಿತು.

ನನ್ನ ವೃತ್ತಿಯಲ್ಲಿ ಇದರ ಚಿಕ್ಕ ಪ್ರತಿರೂಪಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಮ್ಮೆ ಒಂದು ಸಂಸ್ಥೆಯ ಲೆಕ್ಕ ನೋಡುತ್ತಿದ್ದಾಗ ದೊಡ್ಡ ಮೊತ್ತದ ಒಂದು ಪಾವತಿಗೆ ಮಂಜೂರಾತಿ ಆದೇಶ ಕಾಣಲಿಲ್ಲ. ವೋಚರಿನ ಅಂಚಿನಲ್ಲಿ ಪೆನ್ಸಿಲಿನಿಂದ 'ಸಾಹೇಬರು ಹೇಳಿದ್ದಾರೆ' ಎಂದಷ್ಟೇ ಬರೆದಿತ್ತು. ಯಾವ ಸಾಹೇಬರು ಎಂದು ಕೇಳಿದರೆ ವರ್ಗವಾಗಿ ಹೋದವರ ಹೆಸರು ಹೇಳಿದರು. ಅವರಿಗೆ ಬರೆದಾಗ ತಮಗೆ ನೆನಪಿಲ್ಲವೆಂದು ಉತ್ತರ ಬಂತು. ಪೆನ್ಸಿಲಿನಿಂದ ಬರೆದಿದ್ದ ಗುಮಾಸ್ತನಿಗೆ ನೋಟೀಸು ಹೋಯಿತು. ಬಾಯಿಮಾತಿನ ಆಜ್ಞೆಯ ಗುಣವೇ ಇದು. ಇಳಿಯುವಾಗ ಅದು ಮೇಲಿನಿಂದ ಕೆಳಕ್ಕೆ ಸರಾಗವಾಗಿ ಇಳಿಯುತ್ತದೆ. ಹೊಣೆಯನ್ನು ಹುಡುಕಿಕೊಂಡು ಹೊರಟರೆ ಮೇಲಕ್ಕೆ ಹತ್ತುವ ಮೆಟ್ಟಿಲೇ ಇರುವುದಿಲ್ಲ.

ಛಾಗಲಾ ಅವರ ವರದಿಯ ಹಿರಿಮೆ ಇರುವುದು ಅವರು ಈ ಇಲ್ಲದ ಮೆಟ್ಟಿಲನ್ನು ಕಟ್ಟಿಕೊಟ್ಟದ್ದರಲ್ಲಿ. ಕಾರ್ಯದರ್ಶಿ ಮಾಡಿದ್ದಕ್ಕೆ ಮಂತ್ರಿಯೇ ಸಂವಿಧಾನಾತ್ಮಕವಾಗಿ ಪೂರ್ಣ ಹೊಣೆಗಾರ. ನನ್ನ ಅಧೀನದವನು ನನ್ನ ನೀತಿಗೆ ವಿರುದ್ಧವಾಗಿ ನಡೆದ ಎಂದು ಹೇಳಿ ಅವನ ಬೆನ್ನ ಹಿಂದೆ ಅಡಗುವಂತಿಲ್ಲ ಎಂಬುದು ಅವರ ತೀರ್ಮಾನ. ಜೊತೆಗೆ ಕೆಲವು ಸೂತ್ರಗಳನ್ನೂ ಕೊಟ್ಟರು. ಸರ್ಕಾರ ಸ್ವಾಯತ್ತ ನಿಗಮಗಳ ಕೆಲಸದಲ್ಲಿ ಕೈಹಾಕಬಾರದು. ಹಾಕಲೇಬೇಕೆಂದಿದ್ದರೆ ಲಿಖಿತ ನಿರ್ದೇಶನ ಕೊಡುವ ಹೊಣೆಯಿಂದ ನುಣುಚಿಕೊಳ್ಳಬಾರದು. ನಿಗಮದ ಅಧಿಕಾರಿಗಳು ಸರ್ಕಾರಿ ಸೇವೆಯಿಂದ ಬಂದವರಾದರೂ ತಮ್ಮ ನಿಷ್ಠೆ ನಿಗಮಕ್ಕೆ ಎಂಬುದನ್ನು ಮನಗಾಣಬೇಕು. ನಿಗಮದ ಹಣವನ್ನು ಪಾಲಿಸಿದಾರರ ಹಿತಕ್ಕಾಗಿಯಲ್ಲದೆ ಬೇರಾವುದೇ ಉದ್ದೇಶಕ್ಕೆ ಬಳಸಬಾರದು. ಸಂಸತ್ತಿಗೆ ತಿಳಿಸಬೇಕಾದುದನ್ನು ಮೊದಲ ಅವಕಾಶದಲ್ಲೇ ತಿಳಿಸಬೇಕು.

ಫೆಬ್ರುವರಿ ತಿಂಗಳಲ್ಲೇ ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಆ ವರ್ಷದ ಮುಂಗಡಪತ್ರವನ್ನು ಪ್ರಧಾನಿ ನೆಹರೂ ಅವರೇ ಮಂಡಿಸಬೇಕಾಯಿತು. ಮುಂಧ್ರಾ ಮೇಲೆ ಮೊಕದ್ದಮೆ ನಡೆದು ಜೈಲುವಾಸವಾಯಿತು. ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಬಹಳ ಸೊಗಸಾದ ಕಥೆ. ಹಾಗೆ ನಿಲ್ಲಿಸಿ ಹೇಳುವವರೂ ಇದ್ದಾರೆ. ಆದರೆ ಜಮೆಯ ಪುಟವನ್ನು ಓದಿ ಖರ್ಚಿನ ಪುಟವನ್ನು ಮಡಚಿಡುವುದು ಲೆಕ್ಕಿಗನ ಧರ್ಮವಲ್ಲ.

ಖರ್ಚಿನ ಪುಟದಲ್ಲಿ ಏನಿದೆ? ಮಂತ್ರಿಯ ರಾಜೀನಾಮೆಯನ್ನು ಪ್ರಧಾನಿಯವರು ಒಪ್ಪಿಕೊಂಡದ್ದು ಬಹಳ ಒಲ್ಲದ ಮನಸ್ಸಿನಿಂದ. ಈ ವ್ಯವಹಾರದಲ್ಲಿ ಅವರ ಪಾತ್ರ ಅತ್ಯಲ್ಪವೆಂದೇ ತಮ್ಮ ನಂಬಿಕೆಯೆಂಬುದನ್ನು ಅವರು ಮುಚ್ಚಿಡಲಿಲ್ಲ. ಅಧಿಕಾರಿಗಳ ನಡತೆಯನ್ನು ಪರಿಶೀಲಿಸಲು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿದ್ದ ವಿವಿಯನ್ ಬೋಸ್ ಅವರ ನೇತೃತ್ವದ ಮಂಡಲಿಯೊಂದನ್ನು ನೇಮಿಸಲಾಯಿತು. ಮುಂಧ್ರಾ ಅವರು ಆಳುವ ಪಕ್ಷಕ್ಕೆ ಕೊಟ್ಟ ದೇಣಿಗೆಯ ಪ್ರಸ್ತಾಪ ಅಲ್ಲಿ ಬಂದಾಗ ನೆಹರೂ ಅವರು ಸಿಟ್ಟಾಗಿ, ಪತ್ರಿಕಾಗೋಷ್ಠಿಯೊಂದರಲ್ಲಿ, ನ್ಯಾಯಮೂರ್ತಿಗಳ ಬುದ್ಧಿಯನ್ನೇ ಪ್ರಶ್ನಿಸುವಂಥ ಮಾತನ್ನಾಡಿದರು. ಕಲ್ಕತ್ತೆಯ ವಕೀಲರು ಪ್ರತಿಭಟಿಸಿದರು. ಪ್ರಧಾನಿಯವರು ಬೋಸರಿಗೆ ಪತ್ರ ಬರೆದು ಕ್ಷಮೆ ಕೋರಿದರು. ಆ ಮಾತು ಖರ್ಚಿನ ಪುಟಕ್ಕೆ ಸೇರಬೇಕು, ಕ್ಷಮೆಯ ಪತ್ರ ಜಮೆಯ ಪುಟಕ್ಕೆ. ಇಂದಿನ ದಿನಗಳಲ್ಲಿ ಮೊದಲಿನದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ.

ಕೃಷ್ಣಮಾಚಾರಿಯವರು 1962ರಲ್ಲಿ ಮಂತ್ರಿಮಂಡಲಕ್ಕೆ ಮರಳಿದರು. 1963ರಲ್ಲಿ ಮತ್ತೆ ಹಣಕಾಸು ಮಂತ್ರಿಯಾದರು. ಅದೇ ವರ್ಷ ಛಾಗಲಾ ಅವರೂ ಶಿಕ್ಷಣ ಮಂತ್ರಿಯಾದರು. ತೀರ್ಪು ಕೊಟ್ಟವರೂ ತೀರ್ಪಿಗೆ ಗುರಿಯಾದವರೂ ಒಂದೇ ಮಂತ್ರಿಮಂಡಲದ ಮೇಜಿನ ಸುತ್ತ ಕುಳಿತರು! ಎಚ್. ಎಂ. ಪಟೇಲರು ಸೇವೆಯಿಂದ ಹೊರಬಂದು ರಾಜಕೀಯಕ್ಕೆ ಇಳಿದರು. 1977ರಲ್ಲಿ ಮೊರಾರ್ಜಿ ದೇಸಾಯಿಯವರ ಜನತಾ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾದರು. ಇದರಲ್ಲಿ ಅನ್ಯಾಯವೇನೂ ಇಲ್ಲದಿರಬಹುದು. ಒಂದು ತಪ್ಪಿಗಾಗಿ ಸಮರ್ಥನೊಬ್ಬನನ್ನು ಜೀವಾವಧಿ ಹೊರಗಿಡಬೇಕೆಂದು ನಾನೂ ವಾದಿಸುವವನಲ್ಲ. ಆದರೆ ಇದರಿಂದ ಒಂದು ಪಾಠ ಸ್ಪಷ್ಟ: ರಾಜೀನಾಮೆಯನ್ನು ಹಗರಣದ ಪರಿಹಾರವೆಂದು ತಿಳಿಯುವುದು ನಮ್ಮ ಭ್ರಮೆ. ವ್ಯಕ್ತಿಗಳು ಹೋಗುತ್ತಾರೆ, ಬರುತ್ತಾರೆ. ಹಣ ಹರಿದುಹೋದ ತೂತು ಮುಚ್ಚಿತೇ ಇಲ್ಲವೇ ಎಂಬುದೇ ಕಟ್ಟಕಡೆಯ ಲೆಕ್ಕ.

ತೂತು ಮುಚ್ಚಿತೇ? ಕಾಗದದ ಮೇಲೆ ಮುಚ್ಚುವ ಯತ್ನ ನಡೆದದ್ದುಂಟು. ಕೆ. ಸಂತಾನಂ ಸಮಿತಿಯ ಶಿಫಾರಸಿನಿಂದ 1964ರಲ್ಲಿ ಕೇಂದ್ರ ಜಾಗೃತ ಆಯೋಗ ಬಂದಿತು. ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಬರಹದಲ್ಲಿರಬೇಕು. ಬಾಯಿಮಾತಿನಲ್ಲಿ ಕೊಡಬೇಕಾಗಿ ಬಂದರೆ ಕೂಡಲೇ ಅದನ್ನು ಲಿಖಿತವಾಗಿ ದೃಢಪಡಿಸಬೇಕು ಎಂಬ ನಿಯಮ ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳಲ್ಲಿದೆ. ನಿಯಮ ಇದ್ದೂ ನಡೆದದ್ದೇನು ಎಂಬುದಕ್ಕೆ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪೇ ಸಾಕ್ಷಿ. ಟಿ. ಎಸ್. ಆರ್. ಸುಬ್ರಮಣಿಯನ್ ಮೊದಲಾದ ನಿವೃತ್ತ ಅಧಿಕಾರಿಗಳು ಹೂಡಿದ ಅರ್ಜಿಯ ಮೇಲೆ ನ್ಯಾಯಾಲಯವು, ಅಧಿಕಾರಿಗಳು ಮೌಖಿಕ ಆಜ್ಞೆಗಳ ಮೇಲೆ ನಡೆಯಬಾರದು, ಬಂದ ಆಜ್ಞೆಯನ್ನು ದಾಖಲಿಸಬೇಕು ಎಂದು ಮತ್ತೊಮ್ಮೆ ಹೇಳಬೇಕಾಯಿತು. ಛಾಗಲಾ ವರದಿಯಿಂದ ಆ ತೀರ್ಪಿನವರೆಗೆ ಐವತ್ತೈದು ವರ್ಷ. ಒಂದೇ ಮಾತನ್ನು ಎರಡು ತಲೆಮಾರುಗಳ ಅಂತರದಲ್ಲಿ ಹೇಳಬೇಕಾಗಿ ಬಂದರೆ ಕೇಳುವವರು ಕೇಳಿಲ್ಲವೆಂದೇ ಅರ್ಥ.

ನಡುವಿನ ವರ್ಷಗಳಲ್ಲಿ ಸರ್ಕಾರಗಳು ಕೊಟ್ಟ ಉತ್ತರಗಳೂ ಮುಂಧ್ರಾ ಕಾಲದ ಮಟ್ಟದಿಂದ ಕೆಳಗಿಳಿದವು. ಬಿಹಾರದ ಮೇವು ಹಗರಣವನ್ನು ನೋಡಿ. ಪಶುಸಂಗೋಪನಾ ಇಲಾಖೆಯ ಹೆಸರಿನಲ್ಲಿ, ಸುಳ್ಳು ಬಿಲ್ಲುಗಳ ಮೇಲೆ, ಖಜಾನೆಗಳಿಂದ ಸುಮಾರು 950 ಕೋಟಿ ರೂಪಾಯಿ ಹೊರಹೋಗಿತ್ತು. 1996ರ ಜನವರಿಯಲ್ಲಿ ಚಾಯಿಬಾಸಾದಲ್ಲಿ ಅದು ಬಯಲಾಯಿತು. ತನಿಖೆಯನ್ನು ಸಿ.ಬಿ.ಐ.ಗೆ ವಹಿಸುವಂತೆ ಪಟ್ನಾ ಉಚ್ಚ ನ್ಯಾಯಾಲಯ ಆಜ್ಞೆ ಮಾಡಬೇಕಾಯಿತು. ರಾಜ್ಯ ಸರ್ಕಾರ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ಸೋತಿತು. 1997ರ ಜುಲೈಯಲ್ಲಿ ಮುಖ್ಯಮಂತ್ರಿ ಲಾಲೂ ಪ್ರಸಾದ್ ಯಾದವರು ರಾಜೀನಾಮೆ ಕೊಟ್ಟು ತಮ್ಮ ಪತ್ನಿಯನ್ನೇ ಆ ಸ್ಥಾನದಲ್ಲಿ ಕೂರಿಸಿದರು. ಅವರು ಮೊದಲ ಬಾರಿಗೆ ದೋಷಿಯೆಂದು ತೀರ್ಮಾನವಾದದ್ದು 2013ರ ಸೆಪ್ಟೆಂಬರ್ 30ರಂದು. 1958ರಲ್ಲಿ ಸತ್ಯವನ್ನು ಹೊರತೆಗೆಯಲು ಸರ್ಕಾರವೇ ನ್ಯಾಯಮೂರ್ತಿಯನ್ನು ಕರೆಯಿತು. 1996ರಲ್ಲಿ ನ್ಯಾಯಾಲಯ ಸರ್ಕಾರವನ್ನು ಎಳೆದು ತರಬೇಕಾಯಿತು.

ನಮ್ಮ ಕರ್ನಾಟಕವೂ ಇದಕ್ಕೆ ಹೊರತಲ್ಲ. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಬ್ಯಾಂಕ್ ಖಾತೆಯಿಂದ ಸುಮಾರು 89 ಕೋಟಿ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾದದ್ದು 2024ರಲ್ಲಿ ಬೆಳಕಿಗೆ ಬಂತು. ಬೆಳಕಿಗೆ ಬಂದದ್ದು ಸದನದ ಪ್ರಶ್ನೆಯಿಂದಲ್ಲ, ಲೆಕ್ಕಪರಿಶೋಧನೆಯ ವರದಿಯಿಂದಲೂ ಅಲ್ಲ. ಆ ನಿಗಮದ ಲೆಕ್ಕವಿಭಾಗದ ನೌಕರರೊಬ್ಬರು ಮೇ ತಿಂಗಳಲ್ಲಿ ಪ್ರಾಣ ಕಳೆದುಕೊಂಡು ಬಿಟ್ಟುಹೋದ ಪತ್ರದಿಂದ. ಮೇಲಿನಿಂದ ಬಂದ ಮೌಖಿಕ ಸೂಚನೆಯ ಪ್ರಸ್ತಾಪ ಅದರಲ್ಲಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಸಂಬಂಧಪಟ್ಟ ಸಚಿವ ಬಿ. ನಾಗೇಂದ್ರ ಅವರು ಆರೋಪವನ್ನು ಅಲ್ಲಗಳೆದರು. ಜೂನ್ 6ರಂದು ರಾಜೀನಾಮೆ ಕೊಟ್ಟರು. ಯಾರು ತಪ್ಪಿತಸ್ಥರೆಂದು ಹೇಳುವುದು ನ್ಯಾಯಾಲಯಕ್ಕೆ ಸೇರಿದ್ದು, ನನಗಲ್ಲ. ನನ್ನನ್ನು ಕಾಡುವುದು ಬೇರೆಯದೇ ಸಂಗತಿ. ಅಲ್ಲಿಯೂ ಒಂದು ನಿಗಮ, ಅಲ್ಲಿಯೂ ಒಡೆಯರಿರುವ ಹಣ, ಅಲ್ಲಿಯೂ ಬಾಯಿಮಾತಿನ ಪ್ರಶ್ನೆ. 1957ರಲ್ಲಿ ಪಾಲಿಸಿದಾರರ ಹಣ. 2024ರಲ್ಲಿ ಬೇಡ, ನಾಯಕ, ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳಿಗೆ ಸಲ್ಲಬೇಕಾದ ಹಣ. ಮೌಖಿಕ ಆಜ್ಞೆಯ ಭಾರವೆಲ್ಲ ಕಟ್ಟಕಡೆಗೆ ಸಹಿ ಹಾಕುವ ಕಿರಿಯ ನೌಕರನ ಕತ್ತಿನ ಮೇಲೆ ಬೀಳುತ್ತದೆ ಎಂಬುದನ್ನು ಇಷ್ಟು ದಾರುಣವಾಗಿ ನಮಗೆ ತಿಳಿಸಿಕೊಡಬೇಕಾಗಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದರಿಂದ ಸರ್ಕಾರದ ಪ್ರತಿಕ್ರಿಯೆಯನ್ನು ಅಳೆಯಲು ಮೂರು ಪ್ರಶ್ನೆಗಳು ದೊರೆಯುತ್ತವೆ. ಸತ್ಯ ಬಹಿರಂಗವಾಗಿ, ಬೇಗನೆ ಹೊರಬಂತೇ? ಹೊಣೆ ಮೇಲಿನವರ ಮೇಲೆ ನಿಂತಿತೇ, ಅಥವಾ ಕೆಳಗಿನವರ ಮೇಲೆ ಜಾರಿತೇ? ಹಣ ಹೋದ ದಾರಿ ಮುಚ್ಚಿತೇ? ಜೀಪು ಪ್ರಕರಣದಲ್ಲಿ ಸರ್ಕಾರ ಮೂರರಲ್ಲೂ ಸೋತಿತು. ಮುಂಧ್ರಾ ಪ್ರಕರಣದಲ್ಲಿ ಮೊದಲನೆಯದರಲ್ಲಿ ಮಾದರಿಯಾಯಿತು. ಎರಡನೆಯದರಲ್ಲಿ ಗೊಣಗುತ್ತಲಾದರೂ ಒಪ್ಪಿಕೊಂಡಿತು. ಮೂರನೆಯದರಲ್ಲಿ ಅರ್ಧಕ್ಕೇ ಕೈಬಿಟ್ಟಿತು. ಒಂದೇ ಪ್ರಧಾನಿ, ಒಂದೇ ಪಕ್ಷ, ನಡುವೆ ಮೂರು ವರ್ಷವೂ ಇಲ್ಲ. ವ್ಯತ್ಯಾಸಕ್ಕೆ ಕಾರಣವೇನು? ಎರಡನೆಯ ಸಲ ಪ್ರಶ್ನೆ ಕೇಳಿದವರ ಕೈಯಲ್ಲಿ ಕಾಗದಗಳಿದ್ದವು. ಪ್ರಧಾನಿಯ ಸದ್ಗುಣ, ಸಂಸತ್ತಿನ ಘನತೆ ಎಲ್ಲವೂ ನಿಜವೇ. ಆದರೆ ತಾರೀಖು ಮತ್ತು ಅಂಕಿಗಳ ಮುಂದೆ ಮಾತ್ರ ಸರ್ಕಾರ ನಿರುತ್ತರವಾಗುತ್ತದೆ.

ಈಗ ನಮ್ಮ ವಿಷಯ. ನಾವು ಹೊರನಾಡ ಕನ್ನಡಿಗರಲ್ಲಿ ಒಂದು ಸಂಕೋಚ ಬೆಳೆದುಬಂದಿದೆ. ಇಲ್ಲಿನ ಪಾಲಿಕೆಯ ಹಣ ಪೋಲಾದರೆ 'ನಾವು ಪರಸ್ಥಳದವರು, ನಮಗೇಕೆ ಊರ ಉಸಾಬರಿ' ಎನ್ನುತ್ತೇವೆ. ಕರ್ನಾಟಕದ ಹಣ ಪೋಲಾದರೆ 'ನಾವು ಅಲ್ಲಿ ಮತದಾರರಲ್ಲ' ಎನ್ನುತ್ತೇವೆ. ಹೀಗೆ ಎರಡು ರಾಜ್ಯಗಳಿಗೆ ಸೇರಿದವರು ಎರಡೂ ಕಡೆ ಮೌನಿಗಳಾಗುತ್ತೇವೆ. ಆದರೆ ತೆರಿಗೆ ಕಟ್ಟುವಾಗ ನಮ್ಮ ಮಾತೃಭಾಷೆ ಯಾವುದೆಂದು ಯಾರೂ ಕೇಳುವುದಿಲ್ಲ. ಲೆಕ್ಕ ಕೇಳುವಾಗ ಮಾತ್ರ ನಾವೇ ಅದನ್ನು ಅಡ್ಡ ತಂದುಕೊಳ್ಳುವುದೇಕೆ?

2005ರ ಮಾಹಿತಿ ಹಕ್ಕು ಕಾಯಿದೆ ಈ ಸಂಕೋಚಕ್ಕೆ ಆಸ್ಪದ ಕೊಟ್ಟಿಲ್ಲ. ದೇಶದ ಯಾವ ಪ್ರಜೆಯಾದರೂ ಯಾವ ರಾಜ್ಯದ ಕಚೇರಿಯನ್ನಾದರೂ ಕೇಳಬಹುದು. ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ಅರ್ಜಿಯನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಅಥವಾ ಆಯಾ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು. ಅಂದರೆ ಬೆಂಗಳೂರಿನ ಕಚೇರಿಗೆ ನೀವು ಈ ಮುಂಬಯಿಯಿಂದಲೇ ಕನ್ನಡದಲ್ಲಿ ಬರೆಯಬಹುದು; ಇಲ್ಲಿನ ಪಾಲಿಕೆಗೆ ಮರಾಠಿಯಲ್ಲಿ ಬರೆಯಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಕೇಂದ್ರದ ಕಾಯಿದೆಗಿಂತ ಮುಂಚೆಯೇ ಕರ್ನಾಟಕ 2000ದಲ್ಲಿಯೂ ಮಹಾರಾಷ್ಟ್ರ 2002ರಲ್ಲಿಯೂ ತಮ್ಮದೇ ಕಾಯಿದೆಗಳನ್ನು ಮಾಡಿದ್ದವು ಎಂಬುದು ನಮ್ಮ ಎರಡೂ ಮನೆಗಳ ಹೆಮ್ಮೆ. ಆದರೆ ಈ ಕಾಯಿದೆಗೂ ಒಂದು ಮಿತಿಯುಂಟು. ಕಡತದಲ್ಲಿ ಇರುವುದನ್ನು ಅದು ಕೊಡಿಸಬಲ್ಲುದು. ಬರೆಯದೇ ಬಿಟ್ಟದ್ದನ್ನು ಕೊಡಿಸಲಾರದು. ಬಾಯಿಮಾತಿನ ಆಜ್ಞೆ ಮಾಹಿತಿ ಹಕ್ಕನ್ನೇ ನಿಷ್ಫಲಗೊಳಿಸುತ್ತದೆಂಬುದನ್ನು ಸುಪ್ರೀಂ ಕೋರ್ಟು 2013ರ ತೀರ್ಪಿನಲ್ಲಿ ಗುರುತಿಸಿದ್ದೂ ಅದಕ್ಕಾಗಿಯೇ.

ಆದುದರಿಂದ ಮುಂದಿನ ಹಗರಣದ ಸುದ್ದಿ ಬಂದಾಗ, ಅದು ಬಂದೇ ಬರುತ್ತದೆ, 'ಯಾರು ರಾಜೀನಾಮೆ ಕೊಟ್ಟರು' ಎಂದು ಕೇಳುವ ಮೊದಲು 'ಆಜ್ಞೆಯ ಕಾಗದ ಎಲ್ಲಿದೆ' ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳೋಣ. ಕಾಗದ ಇದ್ದರೆ ಹೊಣೆ ತಾನಾಗಿಯೇ ಗೊತ್ತಾಗುತ್ತದೆ. ಇಲ್ಲದಿದ್ದರೆ, ಕಾಗದವಿಲ್ಲದೆ ಹಣ ಹೊರಹೋಗಲು ಬಿಟ್ಟವರೇ ಹೊಣೆಗಾರರೆಂದು ಪಟ್ಟುಹಿಡಿಯೋಣ. ಇದೇ ಛಾಗಲಾ ತತ್ತ್ವ.

ಈ ಅಭ್ಯಾಸ ಶುರುವಾಗಬೇಕಾದದ್ದು ದೆಹಲಿಯಲ್ಲಲ್ಲ. ಇನ್ನು ಕೆಲವೇ ವಾರಗಳಲ್ಲಿ ನಮ್ಮ ಸಂಘದ ವಾರ್ಷಿಕ ಮಹಾಸಭೆ ಇದೆ. ಪ್ರತಿವರ್ಷ ಖಜಾಂಚಿಯವರು ಲೆಕ್ಕಪತ್ರ ಓದಲು ಎದ್ದು ನಿಂತೊಡನೆ 'ಓದಿದ್ದೆಂದು ಭಾವಿಸಲಾಗಿದೆ, ಮುಂದಕ್ಕೆ ಹೋಗಿ' ಎಂದು ಹಿಂದಿನ ಸಾಲಿನಿಂದ ಕೂಗು ಬರುತ್ತದೆ, ಊಟದ ಹೊತ್ತಾಗಿರುತ್ತದೆ. ಖಜಾಂಚಿಯವರ ಮೇಲೆ ನನಗೆ ಯಾವ ಅನುಮಾನವೂ ಇಲ್ಲ. ಅನುಮಾನವಿಲ್ಲದ ಕಡೆಯಲ್ಲೇ ಲೆಕ್ಕ ಕೇಳಿ ಅಭ್ಯಾಸವಾಗಬೇಕು. ಆಗ ಅನುಮಾನವಿರುವ ಕಡೆಯಲ್ಲಿ ಕೇಳುವುದಕ್ಕೆ ನಾಲಿಗೆ ತೊಡರುವುದಿಲ್ಲ. ಈ ಸಲ ಜಮಾ-ಖರ್ಚನ್ನು ಮೊದಲಿಂದ ಕೊನೆಯವರೆಗೆ ಓದಿಸೋಣ. ಊಟ ಅರ್ಧ ಗಂಟೆ ತಡವಾದರೆ ಆಗಲಿ.